ಇನ್ನೂ ಸ್ವಲ್ಪ ಹಿಂದೆ

ದೊಡ್ಡಪ್ಪನ ಚೀಲದಲ್ಲಿ ಎರಡು ಫ್ಲ್ಯಾಶ್‌ಗಳಿದ್ದವು. ಕ್ಯಾಮೆರಾದ ತಲೆಯ ಮೇಲೆ ಕೂರುವುದು ಅಣ್ಣ. ದೂರದಲ್ಲಿ ಸ್ಟ್ಯಾಂಡಿನ ಮೇಲೆ ನಿಂತು, ಅಣ್ಣ ಮಿಂಚಿದ್ದು ಕಂಡ ಕೂಡಲೇ ತಾನೂ ಮಿಂಚುವುದು ತಮ್ಮ. ಬೇರೆ ಫೋಟೋಗ್ರಾಫರುಗಳೆಲ್ಲ ಈ ಎರಡನೆಯದನ್ನು ಸ್ಲೇವ್ ಎನ್ನುತ್ತಾರೆ. ಈ ಮನೆಯಲ್ಲಿ ಮಾತ್ರ ಆ ಹೆಸರು ನಡೆಯಲಿಲ್ಲ. ಮೊದಲು ಆ ದೀಪವನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದವನು ದೊಡ್ಡಪ್ಪನ ಒಡಹುಟ್ಟಿದ ತಮ್ಮ. "ಸ್ಲೇವ್ ಅಂದ್ರೆ ಆಳು ಅಂತೆ ಕಣಣ್ಣ. ಕತ್ತೆ ಥರ ದುಡಿಸ್ಕೋ, ಬೇಡ ಅನ್ನಲ್ಲ. ಆಳು ಅಂತ ಮಾತ್ರ ಅನ್ಬೇಡ," ಎಂದಿದ್ದ. ಅಂದಿನಿಂದ ಆ ದೀಪ ತಮ್ಮನಾಯಿತು. ಹನ್ನೊಂದು ವರ್ಷದ ಹಿಂದೆ ಅವನು ಸತ್ತು, ಆ ಹಳೆಯ ದೀಪದ ಜಾಗಕ್ಕೆ ಹೊಸದು ಬಂದ ಮೇಲೂ ಹೆಸರು ಬದಲಾಗಲಿಲ್ಲ.

ಇವತ್ತು ಆ ತಮ್ಮನ ಮಗಳು ಚುಕ್ಕಿಯ ಮದುವೆ. ಅದೂ ಎಲ್ಲಿ ಅಂತೀರಿ, ಅವಳಪ್ಪ ಬಿದ್ದು ಸತ್ತ ಅದೇ ಸಭಾಂಗಣದಲ್ಲಿ. ಮದುಮಗನ ಕಡೆಯವರು ಆ ಜಾಗದ ಹೆಸರೆತ್ತಿದಾಗ ದೊಡ್ಡಪ್ಪ ನೂರೆಂಟು ನೆಪ ಹೇಳಿದ. ಚಾವಣಿ ಕಪ್ಪು, ಕಿಟಕಿ ಕಿರಿದು, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದೆಲ್ಲ ಒದರಿದ. ಚುಕ್ಕಿ ಕೇಳಬೇಕಲ್ಲ.

"ಅಪ್ಪ ಕೊನೇ ಸಲ ಕೆಲಸ ಮಾಡಿದ ಜಾಗ, ದೊಡ್ಡಪ್ಪ. ನಂಗೆ ಅಲ್ಲೇ ಆಗ್ಬೇಕು. ಬೆಳಕಿನ ಚಿಂತೆ ನಿಂದು, ನಂದಲ್ಲ," ಎಂದುಬಿಟ್ಟಳು.

ದೊಡ್ಡಪ್ಪನಿಗೆ ಬೆಳಕಿನ ಚಿಂತೆ ಎಳ್ಳಷ್ಟೂ ಇರಲಿಲ್ಲ. ಇದ್ದ ಭಯವೇ ಬೇರೆ. ಅವತ್ತು ತಮ್ಮ ಮೇಲಿನ ಬಾಲ್ಕನಿಯಲ್ಲಿ ದೀಪ ಹಿಡಿದು ವೇದಿಕೆಯ ಕಡೆ ಮುಖ ಮಾಡಿ ನಿಂತಿದ್ದ. ಬೆಳಕು ತೀರಾ ಚುರುಕಾಗಿತ್ತು. ಕೆಳಗಿನಿಂದ ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡೇ ದೊಡ್ಡಪ್ಪ, "ಇನ್ನೂ ಸ್ವಲ್ಪ ಹಿಂದೆ," ಎಂದು ಕೂಗಿದ. ತಮ್ಮ ಹಿಂದೆ ಹೋದ. ಅವನ ಬೆನ್ನ ಹಿಂದೆ ಮೆಟ್ಟಿಲು ಮೇಲೆ ಬರುವ ಕಂಡಿ ಬಾಯಿ ತೆರೆದುಕೊಂಡಿತ್ತು, ಸುತ್ತ ಒಂದು ಕಂಬಿಯೂ ಇರಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: ಕಾಲು ಜಾರಿತು, ನೋಡಿಕೊಂಡು ನಡೆಯಲಿಲ್ಲ. ಚುಕ್ಕಿಯ ಅಮ್ಮ ಅದನ್ನೇ ನಂಬಿ, "ಮೈಮೇಲೆ ಎಚ್ಚರ ಇಲ್ದೋನು, ನಮ್ಮನ್ನ ನಡುನೀರಲ್ಲಿ ಬಿಟ್ಟು ಹೋದ," ಎಂದು ಗಂಡನನ್ನು ಬೈಯುತ್ತಲೇ ಮೂರು ವರ್ಷದ ಹಿಂದೆ ಕಣ್ಣು ಮುಚ್ಚಿದಳು. ಈಗ ದೊಡ್ಡಪ್ಪನಿಗೆ ಉಳಿದವಳು ಚುಕ್ಕಿ ಒಬ್ಬಳೇ. ನಿಜ ಗೊತ್ತಾದರೆ ಅವಳೂ ಉಳಿಯುವುದಿಲ್ಲ ಎಂದು ಅವನು ಹೆದರಿದ್ದ.

ಬೆಳಿಗ್ಗೆ ಜನ ಬರುವ ಮೊದಲೇ ಅವನು ಹೋಗಿ ದೀಪ ಹೊಂದಿಸಿದ. ಚಾವಣಿ ಬೆಳ್ಳಗೆ, ತಗ್ಗಿಗೆ ಇದ್ದರೆ ಫೋಟೋಗ್ರಾಫರಿಗೆ ಅರ್ಧ ಕೆಲಸ ಕಡಿಮೆ. ಫ್ಲ್ಯಾಶಿನ ಮೂತಿಯನ್ನು ಮೇಲೆ ತಿರುಗಿಸಿದರೆ ಸಾಕು, ಬೆಳಕು ಚಾವಣಿಗೆ ತಾಗಿ ಜರಡಿ ಹಿಡಿದ ಹಿಟ್ಟಿನ ಹಾಗೆ ಮೆತ್ತಗೆ ಇಳಿಯುತ್ತದೆ. ಇಲ್ಲಿಯದು ಮೂರಾಳೆತ್ತರದ ಕರಿ ಮರದ ಚಾವಣಿ, ಎಷ್ಟು ಬೆಳಕು ಕೊಟ್ಟರೂ ನುಂಗಿ ನೀರು ಕುಡಿಯುವಂಥದ್ದು. ಹಾಗಂತ ಮುಖಕ್ಕೆ ನೇರವಾಗಿ ಹೊಡೆದರೆ ಮದುಮಗಳು ಪೊಲೀಸ್ ಠಾಣೆಯಲ್ಲಿ ಫೋಟೋ ತೆಗೆಸಿಕೊಂಡವಳಂತೆ ಕಾಣುತ್ತಾಳೆ. ಆದ್ದರಿಂದ ದೊಡ್ಡಪ್ಪ ಅಣ್ಣನ ಮೂತಿಯನ್ನು ಎಡಗಡೆಯ ಬಿಳಿ ಗೋಡೆಗೆ ತಿರುಗಿಸಿದ. ಬಲಗಡೆಯ ಕಂಬದ ಪಕ್ಕ, ತಲೆಗಿಂತ ಮೊಳ ಎತ್ತರದಲ್ಲಿ ತಮ್ಮನನ್ನು ನಿಲ್ಲಿಸಿದ. ವೇದಿಕೆಯ ಹಿಂದಿನ ಅಲಂಕಾರದ ದೀಪಗಳೂ ಚಿತ್ರದಲ್ಲಿ ಉಳಿಯಲಿ ಎಂದು ಶಟರನ್ನು ನಿಧಾನ ಮಾಡಿಕೊಂಡ. ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ ಇಟ್ಟು ಕ್ಲಿಕ್ ಮಾಡಿದ.

ಚಿತ್ರ ನೋಡಿದವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಗೋಡೆಗೆ ಬಡಿದು ಬರುವ ಬೆಳಕು ಗಟ್ಟಿ ನೆರಳು ಹಾಕುವುದಿಲ್ಲ. ಹಾಗಾಗಿ ಕುರ್ಚಿಗೆ ಇರಬೇಕಾದದ್ದು ಒಂದೇ ನೆರಳು, ತಮ್ಮನದು, ಎಡಕ್ಕೆ. ಅದು ಇತ್ತು. ಜೊತೆಗೆ ಇನ್ನೊಂದೂ ಇತ್ತು. ಕುರ್ಚಿಯ ಹಿಂದೆ, ನೆಲದ ಮೇಲೆ, ಗಿಡ್ಡವಾಗಿ, ಚಾಕುವಿನಲ್ಲಿ ಕತ್ತರಿಸಿದಷ್ಟು ಚೂಪಾಗಿ ಬಿದ್ದಿತ್ತು. ನೆರಳು ನೋಡಿ ದೀಪ ಎಲ್ಲಿದೆ ಎಂದು ಹೇಳುವುದು ಅವನಿಗೆ ಮೂವತ್ತು ವರ್ಷದ ಅಭ್ಯಾಸ. ಈ ದೀಪ ಇರಬೇಕಾದದ್ದು ಅವನ ಬೆನ್ನ ಹಿಂದೆ, ಮೇಲೆ.

ಅವನು ತಿರುಗಿ ನೋಡಿದ. ಬಾಲ್ಕನಿ ಕತ್ತಲಾಗಿತ್ತು.

ಕುರ್ಚಿ ಒರೆಸುತ್ತಿದ್ದ ಕಾವಲುಗಾರನನ್ನು ಕೇಳಿದ. "ಮೇಲೆ ಯಾರಾದ್ರೂ ಇದಾರಾ?"

"ಎಲ್ಲಿಂದ ಬರ್ತಾರೆ ಸ್ವಾಮಿ? ನಿಮ್ಮ ತಮ್ಮ ಬಿದ್ದಾಗಿಂದ ಮೆಟ್ಟಿಲ ಬಾಗಿಲಿಗೆ ಬೀಗ. ಕೀಲಿ ಇಲ್ಲೇ ಇದೆ," ಎಂದು ಅವನು ಸೊಂಟ ತಟ್ಟಿ ತೋರಿಸಿದ.

ಮದುವೆ ಶುರುವಾಯಿತು. ಚುಕ್ಕಿ ವೇದಿಕೆ ಹತ್ತಿದಳು. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕಿ ಕೂತರೇನೇ ಚಿತ್ರಕ್ಕೆ ಜೀವ ಎಂದು ನಂಬಿದ್ದ ಅಪ್ಪ ಇಟ್ಟ ಅಡ್ಡಹೆಸರು ಅದು. ಅವಳು ಆ ಹೆಸರಿಗೆ ತಕ್ಕ ಹಾಗೆ ನಗುತ್ತಿದ್ದಳು. ದೊಡ್ಡಪ್ಪ ಬೆಳಗಿನದನ್ನು ಮರೆತು ಕೆಲಸಕ್ಕೆ ಬಿದ್ದ. ಹತ್ತು ಹದಿನೈದು ಚಿತ್ರ ಆಗಿರಬೇಕು. ಅವನು ಬ್ಯಾಟರಿ ಬದಲಾಯಿಸುತ್ತಿದ್ದಾಗ, ಅಣ್ಣ ಇನ್ನೂ ಆರಿಕೊಂಡೇ ಇದ್ದಾಗ, ಕಂಬದ ಪಕ್ಕದ ತಮ್ಮ ತಾನಾಗಿಯೇ ಫಳ್ಳೆಂದು ಮಿಂಚಿದ.

ಅದರಲ್ಲೇನು, ನೆಂಟರ ಪೈಕಿ ಯಾರೋ ಫ್ಲ್ಯಾಶ್ ಹೊಡೆದಿರಬೇಕು, ತಮ್ಮ ಯಾರ ಬೆಳಕು ಕಂಡರೂ ಹಲ್ಲು ಕಿರಿಯುವವನು ಎಂದುಕೊಂಡ. ಸುತ್ತ ನೋಡಿದ. ಎಲ್ಲರ ಕೈಯಲ್ಲೂ ಫೋನು. ಫೋನಿನ ಬೆಳಕಿಗೆ ತಮ್ಮ ಕಣ್ಣೆತ್ತಿಯೂ ನೋಡುವುದಿಲ್ಲ. ಮತ್ತೊಮ್ಮೆ ಮಿಂಚಿದ. ಈ ಸಲ ಮಿಂಚಿಗೆ ಮೊದಲು ದೊಡ್ಡಪ್ಪನಿಗೆ ಒಂದು ಸದ್ದು ಕೇಳಿಸಿತು. ಸಣ್ಣಗೆ ಶುರುವಾಗಿ ಮೇಲೇರುತ್ತ ಹೋಗುವ ಕುಂಯ್ ಎನ್ನುವ ಸದ್ದು. ಹಳೆಯ ಫ್ಲ್ಯಾಶ್‌ಗಳು ಮಿಂಚಿದ ಮೇಲೆ ಮತ್ತೆ ಕರೆಂಟು ತುಂಬಿಕೊಳ್ಳುವಾಗ ಹಾಗೆ ಕೂಗುತ್ತಿದ್ದವು. ಈಗಿನವು ಕೂಗುವುದಿಲ್ಲ. ಹಾಗೆ ಕೂಗುತ್ತಿದ್ದ ಒಂದೇ ಒಂದು ದೀಪ ಅವನ ಮನೆಯಲ್ಲಿತ್ತು, ಅದು ತಮ್ಮನ ಜೊತೆಗೇ ಬಿದ್ದು ಚೂರುಚೂರಾಗಿತ್ತು. ಸದ್ದು ಬರುತ್ತಿದ್ದದ್ದು ಬಾಲ್ಕನಿಯಿಂದ.

ಅವನು ಗಡಿಬಿಡಿಯಲ್ಲಿ ಬ್ಯಾಟರಿ ಹಾಕಿದ. ತೆಗೆದ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ನೋಡಿದ. ಮೊದಲ ಚಿತ್ರದಲ್ಲಿ ಚುಕ್ಕಿಯ ಹಿಂದಿನ ಆ ನೆರಳು ಗಿಡ್ಡವಾಗಿ, ಕಪ್ಪಾಗಿ ಇತ್ತು. ಐದನೆಯದರಲ್ಲಿ ಸ್ವಲ್ಪ ಉದ್ದ, ಸ್ವಲ್ಪ ತೆಳು. ಹದಿನೈದನೆಯದರಲ್ಲಿ ಇನ್ನೂ ತೆಳು. ದೀಪ ದೂರ ಹೋದರೆ ಬೆಳಕು ಹಾಗೆ ಸೋಲುತ್ತದೆ. ಮೇಲೆ ದೀಪ ಹಿಡಿದವನು ಯಾರೋ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ.

"ಏನ್ ದೊಡ್ಡಪ್ಪ, ದೆವ್ವ ಕಂಡವನ ಥರ ನಿಂತಿದೀಯ?" ಚುಕ್ಕಿ ವೇದಿಕೆ ಇಳಿದು ಬಂದು ಅವನ ಭುಜದ ಮೇಲಿಂದ ಬಗ್ಗಿ ನೋಡಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ ಬೆಳಕು. ಮೇಲಿಂದ ಬಂದಿದೆ ಅಲ್ವಾ? ಅಪ್ಪ ಕೊಡ್ತಿದ್ದದ್ದು ಹೀಗೇ. ಮೇಲೆ ಹೋಗಿ ಒಂದು ತೆಗಿ ದೊಡ್ಡಪ್ಪ, ಅಪ್ಪ ನಿಂತಿದ್ದ ಜಾಗದಲ್ಲಿ."

"ಬೇಡಮ್ಮ. ಧೂಳು. ಬಟ್ಟೆ ಹಾಳಾಗತ್ತೆ."

"ಹಾಳಾದ್ರೆ ಆಗ್ಲಿ. ಇನ್ನೊಂದು ಸಲ ಮದುವೆ ಆಗ್ತೀನಾ ನಾನು?" ಎಂದು ನಗುತ್ತ ಅವಳು ಮದುಮಗನನ್ನೇ ಕಾವಲುಗಾರನ ಹತ್ತಿರ ಕೀಲಿಗೆ ಓಡಿಸಿದಳು. ಅವನು ಕೀಲಿ ತಂದುಕೊಟ್ಟ. ಅಷ್ಟರಲ್ಲಿ ಯಾರೋ ಹಿರಿಯರು ಮಾತಿಗೆ ಎಳೆದರು, ಅವನು ಕೆಳಗೇ ಉಳಿದ.

ದೊಡ್ಡಪ್ಪ, ಚುಕ್ಕಿ ಇಬ್ಬರೇ ಬೀಗ ತೆಗೆದು ಮೆಟ್ಟಿಲು ಹತ್ತಿದರು. ಹನ್ನೊಂದು ವರ್ಷದ ಧೂಳು ಹಲಗೆಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಬಾಲ್ಕನಿಯ ಅಂಚಿನ ಕಟಾಂಜನದ ಪಕ್ಕ ಆ ಧೂಳಿನಲ್ಲಿ ಎರಡು ಬೂಟಿನ ಗುರುತು ಇದ್ದವು, ಮುಂದಿನ ತುದಿ ವೇದಿಕೆಯ ಕಡೆಗೆ. ಒಂದಡಿ ಹಿಂದೆ ಮತ್ತೆರಡು. ಅದರ ಹಿಂದೆ ಮತ್ತೆರಡು. ಬಂದ ಗುರುತು ಇರಲಿಲ್ಲ, ಹಿಂದೆ ಸರಿದ ಗುರುತು ಮಾತ್ರ ಇತ್ತು. ಚುಕ್ಕಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೆಳಗಿನ ದೀಪಗಳನ್ನೇ ನೋಡುತ್ತಿದ್ದಳು, ಅವಳಿಗೆ ಆ ಗುರುತು ಕಾಣಲಿಲ್ಲ.

ಬೇಗ ಮುಗಿಸಿ ಇಳಿದರೆ ಸಾಕು ಎಂದು ದೊಡ್ಡಪ್ಪ ಕಟಾಂಜನಕ್ಕೆ ಒರಗಿ, ಅವಳ ಕಡೆ ತಿರುಗಿ ಕ್ಯಾಮೆರಾ ಎತ್ತಿದ. ಅಲ್ಲೊಂದು ಸಣ್ಣ ಬಿಳಿ ಗೋಡೆ ಇತ್ತು, ಅಣ್ಣನ ಮೂತಿ ಅದಕ್ಕೆ ತಿರುಗಿಸಿದ. ಒಂದು ಸಲ ಕ್ಲಿಕ್ ಮಾಡಿ ನೋಡಿದ, ಮುಖದ ಮೇಲೆ ಬೆಳಕು ಜಾಸ್ತಿಯಾಗಿತ್ತು. ಅವಳು ತೀರಾ ಹತ್ತಿರವಿದ್ದಳು. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ ಮೇಲೆ ಅವನಿಗೆ ಬೆಳಕು ಬಿಟ್ಟು ಬೇರೆ ಏನೂ ಕಾಣುವುದಿಲ್ಲ, ಅದು ಅವನ ಹುಟ್ಟುಗುಣ. ನಾಲಿಗೆ ತಾನಾಗಿಯೇ ಆಡಿತು.

"ಇನ್ನೂ ಸ್ವಲ್ಪ ಹಿಂದೆ."

ಫೋಟೋಗ್ರಾಫರು ಹೇಳಿದ ಮೇಲೆ ಜನ ಹಿಂದೆ ಮುಂದೆ ನೋಡುವುದಿಲ್ಲ. ಚುಕ್ಕಿ ನಗುತ್ತಲೇ ಒಂದು ಹೆಜ್ಜೆ ಸರಿದಳು.

"ಇನ್ನೂ ಸ್ವಲ್ಪ."

ಅವಳು ಕಾಲೆತ್ತಿದಳು. ಕುಂಯ್ ಎನ್ನುವ ಸದ್ದು ಅವಳ ಬೆನ್ನ ಹಿಂದಿನಿಂದ ಏರುತ್ತ ಬಂತು. ಮೆಟ್ಟಿಲ ಕಂಡಿಯ ಒಳಗಿನಿಂದ ಬೆಳಕು ಸಿಡಿಯಿತು. ಕ್ಯಾಮೆರಾದ ಕಿಂಡಿಯಲ್ಲಿ ಚುಕ್ಕಿ ಕಪ್ಪು ಆಕಾರವಾಗಿ, ಸುತ್ತ ಬೆಳಕಿನ ಗೆರೆಯಾಗಿ ನಿಂತಳು. ಅವಳ ನೆರಳು ಬಂದು ದೊಡ್ಡಪ್ಪನ ಎದೆಯ ಮೇಲೆ ಬಿತ್ತು. ಆ ಒಂದು ಕ್ಷಣದ ಬೆಳಕಿನಲ್ಲಿ ಹಲಗೆಯ ತುದಿ ಕಂಡಿತು. ಎತ್ತಿದ ಕಾಲಿನ ಕೆಳಗೆ ಹಲಗೆ ಇರಲಿಲ್ಲ. ಕೆಳಗೆ ಕಂಬದ ಪಕ್ಕದ ತಮ್ಮ ಫಳ್ಳೆಂದು ಉತ್ತರ ಕೊಟ್ಟ.

ದೊಡ್ಡಪ್ಪ ಕ್ಯಾಮೆರಾವನ್ನು ಕೊರಳ ಪಟ್ಟಿಗೆ ಬಿಟ್ಟು ಅವಳ ಎರಡೂ ಕೈ ಹಿಡಿದು ಎಳೆದುಕೊಂಡ.

"ಯಾರದು ಮೆಟ್ಟಿಲಲ್ಲಿ?" ಚುಕ್ಕಿ ತಿರುಗಿ ನೋಡಿದಳು. ಖಾಲಿ ಮೆಟ್ಟಿಲು, ಕೆಳಗೆ ತೆರೆದ ಬಾಗಿಲು. ಕಂಡಿಯ ಆಳ ಕಂಡು ಅವಳ ನಗು ಬಾಡಿತು.

ದೊಡ್ಡಪ್ಪ ಅವಳ ಕೈ ಬಿಡಲಿಲ್ಲ. ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವನಿಂದ ಆಗಲಿಲ್ಲ.

"ಚುಕ್ಕಿ, ನಿಮ್ಮಪ್ಪನ ಕಾಲು ಜಾರಲಿಲ್ಲ. ನಾನು ಹಿಂದೆ ಹೋಗು ಅಂದೆ, ಹೋದ. ಇನ್ನೂ ಸ್ವಲ್ಪ ಅಂದೆ, ಹೋದ. ಮೂರನೇ ಸಲ ನಿಂತ್ಕೊಂಡು, 'ಹಿಂದೆ ಜಾಗ ಇದೆಯಾ ಅಣ್ಣ?' ಅಂತ ಕೇಳಿದ. ಕೆಳಗಿಂದ ನಂಗೆ ಏನೂ ಕಾಣ್ತಿರ್ಲಿಲ್ಲ. ಇದೆ ಅಂದೆ."

ಕೆಳಗೆ ಯಾರೋ ಜೋರಾಗಿ ನಕ್ಕರು. ಚುಕ್ಕಿ ಕೈ ಬಿಡಿಸಿಕೊಂಡಳು.

"ಅಮ್ಮ ಸಾಯೋವರೆಗೂ ಅಪ್ಪನ್ನ ಬೈತಾನೇ ಇದ್ಲು."

"ಹೌದು."

"ನಾನೂ ಬೈದೆ. ನಮ್ಮ ಮೇಲೆ ಪ್ರೀತಿ ಇದ್ದಿದ್ರೆ ಹುಷಾರಾಗಿರ್ತಿದ್ದ ಅಂತ. ನೀನು ಪಕ್ಕದಲ್ಲೇ ಕೂತು ಕೇಳ್ತಿದ್ದೆ."

"ಹೌದಮ್ಮ."

ಅವಳು ತಲೆ ತಗ್ಗಿಸಿ ಧೂಳನ್ನು ನೋಡಿದಳು. ಬೂಟಿನ ಗುರುತು ಈಗ ಅವಳಿಗೂ ಕಂಡಿರಬೇಕು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಮೆಟ್ಟಿಲ ಕಡೆ ನಡೆದಳು.

"ಕೆಳಗೆ ಎಲ್ಲಾರೂ ಕಾಯ್ತಿದಾರೆ. ಬನ್ನಿ," ಎಂದಳು.

ಮಾತು ಕಲಿತಾಗಿನಿಂದ ಅವಳು ಅವನಿಗೆ ಬಾ ಎಂದವಳು, ಹೋಗು ಎಂದವಳು. ಬನ್ನಿ ಎಂದದ್ದು ಅದೇ ಮೊದಲು. ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ ದೊಡ್ಡಪ್ಪ ತಡೆದುಕೊಳ್ಳುತ್ತಿದ್ದ. ಆ ಬಹುವಚನವನ್ನು ತಡೆದುಕೊಳ್ಳಲು ಆಗಲಿಲ್ಲ.

ಕೊನೆಗೆ ಉಳಿದದ್ದು ಎಲ್ಲರೂ ಸೇರಿ ನಿಲ್ಲುವ ಚಿತ್ರ. ವೇದಿಕೆಯ ಮೇಲೆ ಎರಡು ಸಾಲು ಜನ, ನಡುವೆ ಮದುಮಕ್ಕಳು. ಹಿಂದಿನ ಸಾಲು ಸರಿಯಿತ್ತು. ಮದುಮಕ್ಕಳು ಮಾತ್ರ ಒಂದು ಹೆಜ್ಜೆ ಮುಂದಿದ್ದರು, ಬೆಳಕು ಅವರ ಮೇಲೆ ಹೆಚ್ಚು ಬೀಳುತ್ತಿತ್ತು. ದೊಡ್ಡಪ್ಪ ಬಾಯಿ ತೆರೆದ. ಮಾತು ಹೊರಡಲಿಲ್ಲ. ಜನ ಕಾದರು, ಒಬ್ಬಿಬ್ಬರು ಕೆಮ್ಮಿದರು.

"ಹಿಂದೆ ಹೋಗ್ಬೇಕಾ?" ಚುಕ್ಕಿ ಕೇಳಿದಳು.

"ಒಂದು ಹೆಜ್ಜೆ."

ಅವಳು ಅವನನ್ನೇ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ, "ಹಿಂದೆ ಜಾಗ ಇದೆಯಾ?" ಎಂದಳು.

ದೊಡ್ಡಪ್ಪ ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟ. ವೇದಿಕೆ ಹತ್ತಿದ. ನೆಂಟರ ನಡುವೆ ತೂರಿಕೊಂಡು ಅವಳ ಬೆನ್ನ ಹಿಂದೆ ಹೋಗಿ, ಮಂಡಿಯೂರಿ, ಅಂಗೈಯಿಂದ ನೆಲ ಮುಟ್ಟಿ ನೋಡಿದ. ಯಾರೋ ಕಿಸಕ್ಕೆಂದರು. ಅವನು ಎದ್ದ.

"ಇದೆ. ನೋಡಿದೀನಿ," ಎಂದ.

ಚುಕ್ಕಿ ಒಂದು ಹೆಜ್ಜೆ ಹಿಂದೆ ಇಟ್ಟಳು.

ಅವನು ಇಳಿದು ಬಂದು ಕ್ಲಿಕ್ ಮಾಡಿದ. ಅಣ್ಣ ಮಿಂಚಿದ, ಕಂಬದ ಪಕ್ಕದ ತಮ್ಮ ಮಿಂಚಿದ. ಚಿತ್ರದಲ್ಲಿ ಚುಕ್ಕಿಗೆ ಒಂದೇ ನೆರಳಿತ್ತು. ದೊಡ್ಡಪ್ಪ ಬಾಲ್ಕನಿಯ ಕಡೆ ಕಿವಿಗೊಟ್ಟು ನಿಂತ. ಆ ಸದ್ದು ಮತ್ತೆ ಬರಲಿಲ್ಲ. ತಮ್ಮ ಹೋದ ಎಂದು ಅವನಿಗೆ ಈಗ ನಿಜವಾಗಿ ಗೊತ್ತಾಯಿತು, ಅಲ್ಲೇ ನಿಂತು ಅತ್ತ. ಸಾಕಿದ ಮಗಳನ್ನು ಕಳಿಸುವ ಸಂಕಟ, ಪಾಪ, ಎಂದು ನೆಂಟರು ಮಾತಾಡಿಕೊಂಡರು.