ಅತ್ತೆ ತಂದ ಸ್ಟೌ

ದಾರ್ ಎಸ್ ಸಲಾಮಿನ ಬಾಡಿಗೆ ಮನೆಗೆ ಕರೆಂಟಿನ ಒಲೆ ಬಂದದ್ದು ೧೯೬೫ರ ಜನವರಿಯಲ್ಲಿ, ಒಂದು ಶನಿವಾರ ಮಧ್ಯಾಹ್ನ. ಇಬ್ಬರು ಆಳುಗಳು ಅದನ್ನು ಮೂರನೆಯ ಮಹಡಿಗೆ ಹೊತ್ತು ತಂದು ಅಡುಗೆಮನೆಯಲ್ಲಿಟ್ಟು ಹೋದರು. ಸಂಪತ್‌ಕುಮಾರ ಗುಂಡಿ ತಿರುಗಿಸಿ, ಮೇಲಿನ ಸುರುಳಿ ನಿಧಾನವಾಗಿ ಕೆಂಪಾಗುವುದನ್ನು ಹೆಂಡತಿಗೆ ತೋರಿಸಿದ.

"ನೋಡು, ಸದ್ದಿಲ್ಲ, ವಾಸನೆಯಿಲ್ಲ. ಪಂಪ್ ಹೊಡೆದು ಹೊಡೆದು ನಿನ್ನ ರಟ್ಟೆ ಸೋತದ್ದು ಸಾಕು. ಆ ಹಳೆಯದನ್ನು ಸೋಮವಾರ ಗುಜರಿಯವನಿಗೆ ಕೊಟ್ಟುಬಿಡುವ."

"ಆಯ್ತು" ಎಂದಳು ತ್ರಿಶಲಾ.

ಹೊಸ ಒಲೆ ಬೇಕೆಂದು ಕೇಳಿದವಳು ಅವಳೇ. ಹಿತ್ತಾಳೆಯ ಸೀಮೆಎಣ್ಣೆ ಪಂಪ್ ಸ್ಟೌವಿನ ವಾಷರ್ ಸವೆದು ಹೋಗಿತ್ತು. ಅನ್ನ ಅರ್ಧ ಬೆಂದಿರುವಾಗ ಬುಸ್ಸೆಂದು ಆರಿಹೋಗುತ್ತಿತ್ತು. ಆದರೂ ಗಂಡ ಹೊರಗೆ ಹೋದ ಮೇಲೆ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಹುಣಸೆಹಣ್ಣು ಹಚ್ಚಿ ಉಜ್ಜತೊಡಗಿದಳು. ಗುಜರಿಗೆ ಹೋಗುವ ವಸ್ತುವನ್ನು ಯಾಕೆ ಬೆಳಗುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಹಿತ್ತಾಳೆ ಹೊಳೆಯುತ್ತ ಬಂದ ಹಾಗೆ ಅತ್ತೆಯ ಮನೆ ನೆನಪಾಯಿತು.

ಅವಳು ಮದುವೆಯಾಗಿ ಮೂಡಬಿದ್ರೆಯ ಆ ಮನೆಗೆ ಬಂದದ್ದು ೧೯೫೩ರಲ್ಲಿ. ಪುತ್ತಿಗೆಯ ಶಾಲೆಯಲ್ಲಿ ಆಗಲೇ ಟೀಚರಾಗಿದ್ದಳು. ಗಂಡ ಮಂಗಳೂರಿನ ಒಂದು ಆಫೀಸಿನಲ್ಲಿ ಗುಮಾಸ್ತ, ಬರುವುದು ಆದಿತ್ಯವಾರ ಮಾತ್ರ. ಮನೆಯಲ್ಲಿದ್ದದ್ದು ಅವಳು ಮತ್ತು ಅತ್ತೆ ಅನಂತಮತಿ, ಇಬ್ಬರೇ. ಅತ್ತೆ ವ್ರತನಿಯಮಗಳ ಜೈನ ಹೆಂಗಸು. ಹೊತ್ತು ಮುಳುಗಿದ ಮೇಲೆ ಒಂದು ತೊಟ್ಟು ನೀರೂ ಇಲ್ಲ, ಬೆಳಿಗ್ಗೆ ಮಾಡಿದ್ದು ಸಂಜೆಗೆ ಸಲ್ಲದು. ಸ್ವತಃ ಅಡುಗೆ ಮಾಡೋಣವೆಂದರೆ ಅವರಿಗೆ ಉಬ್ಬಸ. ಒಲೆಯ ಹೊಗೆ ಮೂಗಿಗೆ ಬಡಿದರೆ ರಾತ್ರಿಯೆಲ್ಲ ಎದ್ದು ಕೂರಬೇಕು.

ತ್ರಿಶಲಾ ಶಾಲೆ ಬಿಟ್ಟು ಓಡೋಡಿ ನಡೆದರೂ ಮನೆ ಮುಟ್ಟುವಾಗ ಐದೂವರೆ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಕೊಳ್ಳದು. ಚಳಿಗಾಲದಲ್ಲಿ ಸೌದೆ ಹೊತ್ತಿಕೊಂಡರೂ ಸೂರ್ಯ ಕಾಯುವುದಿಲ್ಲ. ಆ ದಶಂಬರದಲ್ಲಿ ಒಂದೇ ವಾರ ಮೂರು ಸಲ ಅನ್ನ ಬೇಯುವ ಮೊದಲೇ ಕತ್ತಲಾಯಿತು. ಅತ್ತೆ ಕೈಕಾಲು ತೊಳೆದು, ಜಪ ಮುಗಿಸಿ, ಬರಿಹೊಟ್ಟೆಯಲ್ಲಿ ಚಾಪೆ ಹಾಸಿಕೊಂಡರು. ಬೈದಿದ್ದರೆ ತ್ರಿಶಲಾಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೂರನೆಯ ದಿನ ಅವಳು ಕೂತು ರಾಜೀನಾಮೆ ಬರೆದು, ಪಂಚಾಂಗದೊಳಗೆ ಇಟ್ಟಳು.

ಮರುದಿನ ಬೆಳಿಗ್ಗೆ ತಿಥಿ ನೋಡಲಿಕ್ಕೆ ಪಂಚಾಂಗ ತೆಗೆದ ಅತ್ತೆಯ ಕೈಗೆ ಅದು ಸಿಕ್ಕಿತು.

"ಇದೆಂಥದು?"

"ನನ್ನಿಂದ ಎರಡೂ ಆಗುವುದಿಲ್ಲ ಅತ್ತೆ. ನೀವು ಉಪವಾಸ ಮಲಗುವುದನ್ನು ನೋಡಲಿಕ್ಕೆ ಆಗುವುದಿಲ್ಲ."

"ಇವತ್ತು ಕೊಡಬೇಡ" ಎಂದಷ್ಟೇ ಹೇಳಿ ಅವರು ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸಂಜೆ ತ್ರಿಶಲಾ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು, ಎದುರಿಗೆ ಗೋಣಿಯಲ್ಲಿ ಸುತ್ತಿದ ಒಂದು ವಸ್ತು. ದೇವಸ್ಥಾನ ಬಿಟ್ಟರೆ ಒಬ್ಬರೇ ಎಲ್ಲಿಗೂ ಹೋಗದಿದ್ದ ಅವರು ಬೆಳಗಿನ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋಗಿ, ಪೇಟೆಯ ಅಬೂಬಕ್ಕರನ ಅಂಗಡಿಯಿಂದ ಸ್ಟೌ ತಂದಿದ್ದರು. ಹೊತ್ತಿಸುವುದು ಹೇಗೆಂದು ಅವನಿಂದ ಎರಡೆರಡು ಸಲ ಹೇಳಿಸಿಕೊಂಡೂ ಬಂದಿದ್ದರು.

"ಮೊದಲು ಸ್ಪಿರಿಟ್ ಹಾಕು. ಬೆಂಕಿ ಕೊಡುವಾಗ ಕೈ ದೂರ ಇರಬೇಕಂತೆ" ಎನ್ನುತ್ತ ಸೊಂಟದಿಂದ ಆ ರಾಜೀನಾಮೆಯನ್ನು ತೆಗೆದು, ಉದ್ದಕ್ಕೆ ಹೊಸೆದು, ಸೊಸೆಯ ಕೈಗೆ ಕೊಟ್ಟರು. "ಇದರಿಂದ ಹೊತ್ತಿಸು."

ತ್ರಿಶಲಾ ಹೊತ್ತಿಸಿದಳು. ಬರ್ನರ್ ಕಾಯುವ ಮೊದಲೇ ಅವಸರದಲ್ಲಿ ಪಂಪ್ ಹೊಡೆದದ್ದರಿಂದ ಜ್ವಾಲೆ ಆಳೆತ್ತರಕ್ಕೆ ಎದ್ದಿತು. ಅತ್ತೆ ಅಕ್ಕಿಯ ಪಾತ್ರೆ ಎದೆಗವಚಿಕೊಂಡು ಅಂಗಳಕ್ಕೆ ಓಡಿದರು. ಬೆಂಕಿ ತಗ್ಗಿ, ಸ್ಟೌ ನೀಲಿಯಾಗಿ ಭೋರ್ಗರೆಯತೊಡಗಿದ ಮೇಲೆ ಬಾಗಿಲಲ್ಲಿ ನಿಂತು ಇಣುಕಿದರು. ಇಬ್ಬರಿಗೂ ನಗು ತಡೆಯಲಿಲ್ಲ. ಅವತ್ತು ಬೆಳ್ತಿಗೆ ಅಕ್ಕಿಯ ಅನ್ನ, ಹೆಸರುಬೇಳೆ ತೊವ್ವೆ. ಅತ್ತೆ ಊಟ ಮುಗಿಸಿ ಕೈತೊಳೆಯುವಾಗ ಹಿತ್ತಿಲ ಮಾವಿನಮರದ ತುದಿಯಲ್ಲಿ ಇನ್ನೂ ಬಿಸಿಲಿತ್ತು.

ತಿಂಗಳ ನಂತರ ಒಂದು ಸಂಜೆ ತ್ರಿಶಲಾ ಬೇಲಿಯ ದಣಪೆ ದಾಟುವಾಗಲೇ ಒಳಗಿಂದ ಸ್ಟೌವಿನ ಸದ್ದು ಕೇಳಿತು. ಗಾಬರಿಯಿಂದ ಓಡಿದಳು. ಅತ್ತೆ ಗೋಡೆಗೆ ಅಂಟಿಕೊಂಡು, ಸೆರಗು ಬಿಗಿದು, ಮಾರುದ್ದದ ಸೌಟಿನಿಂದ ದೂರದಿಂದಲೇ ಸಾರು ಕದಡುತ್ತಿದ್ದರು. ಹಣೆಯಲ್ಲಿ ಬೆವರು.

"ಹೆದರಿಕೆ ಆಗಲಿಲ್ವಾ ಅತ್ತೆ?"

"ಆಗ್ತದೆ. ನೀನು ಅಷ್ಟು ದೂರ ನಡೆದು ಬಂದವಳು, ಸ್ವಲ್ಪ ಕೂತುಕೊ."

ಆಮೇಲೆ ದಿನಾ ಹಾಗೆಯೇ ನಡೆಯಿತು. ತ್ರಿಶಲಾ ಮನೆಗೆ ಬಂದು, ಕೂತು, ಬಿಸಿ ಊಟ ಮಾಡುತ್ತಿದ್ದಳು. ೧೯೫೭ರಲ್ಲಿ ಸಂಪತ್‌ಕುಮಾರನಿಗೆ ದಾರ್ ಎಸ್ ಸಲಾಮಿನ ಬಂದರಿನಲ್ಲಿ ಕೆಲಸ ಸಿಕ್ಕಿತು. ನಾದಿನಿ ಗಂಡ ಮಕ್ಕಳೊಂದಿಗೆ ಬೆಳ್ತಂಗಡಿಯಿಂದ ಬಂದು ಅತ್ತೆಯ ಜೊತೆ ನಿಂತಳು. ಟ್ರಂಕು ತುಂಬಿಸುವಾಗ ಅತ್ತೆ ಸ್ಟೌವನ್ನು ಹಳೆ ಸೀರೆಯಲ್ಲಿ ಸುತ್ತಿ ತಂದಿಟ್ಟರು.

"ಅಲ್ಲಿ ಎಲ್ಲ ಸಿಗ್ತದಂತೆ ಅಮ್ಮ" ಎಂದ ಮಗ.

"ಸಿಗಬಹುದು. ಆದರೆ ಆ ದೇಶದಲ್ಲಿ ಸೂರ್ಯ ಎಷ್ಟು ಗಂಟೆಗೆ ಮುಳುಗ್ತದೋ, ಯಾರು ಕಂಡಿದ್ದಾರೆ?"

ಮಡಿಲಿನ ಸ್ಟೌ ಬೆಳಗಿ ಮುಗಿಯುವಾಗ ತ್ರಿಶಲಾಳಿಗೆ ಒಂದು ವಿಷಯ ಹೊಳೆಯಿತು. ಅವಳಿಗೆ ಈ ಊರಿನ ಶಾಲೆಯಲ್ಲೂ ಕೆಲಸ ಸಿಕ್ಕಿತ್ತು, ಅಲ್ಲೂ ಇಲ್ಲೂ ಸೇರಿ ಹನ್ನೆರಡು ವರ್ಷಗಳಲ್ಲಿ ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದ್ದಳು. ಅದಕ್ಕೆಲ್ಲ ದಾರಿ ಮಾಡಿಕೊಟ್ಟವರಿಗೆ ಒಮ್ಮೆಯೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯವರಿಗೆ ಹಾಗೆಲ್ಲ ಹೇಳುವ ರೂಢಿಯೇ ಇರಲಿಲ್ಲ. ಅವಳು ಅಲ್ಲೇ ಕೂತು ಅತ್ತೆಗೆ ಪತ್ರ ಬರೆದಳು. ಹೊಸ ಒಲೆಯ ಸುದ್ದಿ ಬರೆದ ಮೇಲೆ, ನಾಚಿಕೆಯೆನಿಸಿದರೂ, "ನಿಮ್ಮ ಉಪಕಾರವನ್ನು ನಾನು ಮರೆತಿಲ್ಲ" ಎಂದೂ ಸೇರಿಸಿದಳು.

ಮರುದಿನ ಕೆಳಗಿನ ಕೋಣೆಯ ಜುಲೈಕಾ ಮೇಲೆ ಬಂದಳು. ಬಂಟ್ವಾಳದ ಕಡೆಯವಳು, ಈ ಊರಿಗೆ ಬಂದು ವರ್ಷವೂ ಆಗಿರಲಿಲ್ಲ. ಗಂಡ ಇಬ್ರಾಹಿಂ ಖಲೀಲ್ ಬಂದರಿನಲ್ಲಿ ಫಿಟ್ಟರ್. ಅವರ ಕೋಣೆಯಲ್ಲಿ ಇದ್ದಿಲ ಒಲೆ ಮಾತ್ರ.

"ಟೀಚರೇ, ಒಂದು ಚಂಬು ನೀರು ಬಿಸಿ ಮಾಡಿ ಕೊಡ್ತೀರಾ? ರಂಜಾನ್ ಅಲ್ವಾ, ಹೊತ್ತು ಮುಳುಗುವಾಗ ಗಂಜಿ ಆಗಿರಬೇಕು. ಈ ಇದ್ದಿಲು ಹೊತ್ತಿಕೊಳ್ಳುವುದೇ ಇಲ್ಲ. ನಿನ್ನೆ ಅವರು ಖರ್ಜೂರ ತಿಂದು ಅರ್ಧ ಗಂಟೆ ಕಾದರು, ಪಾಪ."

ತ್ರಿಶಲಾ ನೀರು ಬಿಸಿಗಿಟ್ಟಳು. ಅಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಿತ್ತು.

"ಖಲೀಲರಿಗೆ ಸ್ಟೌವಿನ ವಾಷರ್ ಹಾಕಲಿಕ್ಕೆ ಬರ್ತದಾ?"

"ಅಷ್ಟೇನಾ? ಅವರು ಹಡಗಿನ ಪಂಪನ್ನೇ ರಿಪೇರಿ ಮಾಡುವವರು!"

"ಹಾಗಾದರೆ ಇದನ್ನು ತೆಗೆದುಕೊಂಡು ಹೋಗು. ಬರ್ನರ್ ಚೆನ್ನಾಗಿ ಕಾಯುವವರೆಗೆ ಪಂಪ್ ಹೊಡೆಯಬೇಡ. ನಾನೇ ಬಂದು ತೋರಿಸ್ತೇನೆ."

ಸಂಪತ್‌ಕುಮಾರ ಬಂದು ಸ್ಟೌ ಎಲ್ಲಿ ಎಂದು ಕೇಳಿದ. ವಿಷಯ ತಿಳಿದ ಮೇಲೆ, "ಒಳ್ಳೆದಾಯ್ತು. ನನಗೂ ಅದನ್ನು ಗುಜರಿಗೆ ಹಾಕಲಿಕ್ಕೆ ಮನಸ್ಸಿರಲಿಲ್ಲ, ನೀನು ನಗ್ತೀ ಅಂತ ಹೇಳಲಿಲ್ಲ" ಎಂದ.

ಅತ್ತೆಯ ಉತ್ತರ ಬಂದದ್ದು ಫೆಬ್ರವರಿ ಕೊನೆಗೆ, ಅವರದೇ ದುಂಡು ಅಕ್ಷರಗಳಲ್ಲಿ. ಕರೆಂಟಿನ ಒಲೆಯ ಹತ್ತಿರ ಒದ್ದೆ ಕೈಯಲ್ಲಿ ಹೋಗಬೇಡ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರು. ಕೊನೆಯಲ್ಲಿ ಹೀಗಿತ್ತು: "ಉಪಕಾರ ಎಂದೆಲ್ಲ ಬರೆದಿದ್ದೀ. ಮನೆಯವರಿಗೆ ಹಾಗೆ ಬರೆಯುವುದು ಉಂಟೇ? ಆದರೂ ಆ ಸಾಲನ್ನು ಮೊಮ್ಮಗಳಿಂದ ಇನ್ನೊಮ್ಮೆ ಓದಿಸಿ ಕೇಳಿದೆ. ಮತ್ತೊಂದು ಮಾತು. ಆ ಸ್ಟೌವಿನ ಸದ್ದು ನನಗೆ ಒಂದು ದಿನವೂ ಹಿಡಿಸಿರಲಿಲ್ಲ. ನಿನಗೆ ಬೇಸರವಾದೀತೆಂದು ಹೇಳಿರಲಿಲ್ಲ."

ತ್ರಿಶಲಾ ಎಷ್ಟು ಜೋರಾಗಿ ನಕ್ಕಳೆಂದರೆ, ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಸಂಪತ್‌ಕುಮಾರ ಬಚ್ಚಲಿನಿಂದ ಹಾಗೆಯೇ ಓಡಿಬಂದ. ಅವಳು ಕಣ್ಣೊರೆಸಿಕೊಳ್ಳುತ್ತ ಪತ್ರವನ್ನು ಅವನ ಕೈಗಿತ್ತು, ಉಕ್ಕುತ್ತಿದ್ದ ಹಾಲನ್ನು ಇಳಿಸಲು ಒಳಗೆ ಹೋದಳು.