ಬೈಗುಳ ನಿಂತರೆ ಹಗ್ಗ ಎಳೆ

“ಥೂ, ಅದೇನು ಬಾಯೋ ಬಚ್ಚಲೋ? ಆ ಹೊಲಸು ಮಾತೆಲ್ಲ ಇಲ್ಲಿ ಬೇಡ ಮುದುಕಪ್ಪ. ಹೆಂಗಸರು ಮಕ್ಕಳು ನೋಡೋ ನಾಟಕ ಇದು,” ಎಂದ ನಿರ್ದೇಶಕ.

ಸತ್ತ ನನ್ನ ತಮ್ಮನ ಪಾತ್ರ ಮಾಡುವ ನಟನಿಗೆ ಮ್ಯಾನ್‌ಹೋಲ್‌ಗೆ ಇಳಿಯುವುದನ್ನು ಕಲಿಸಲು ನನ್ನನ್ನು ಕರೆಸಿದ್ದರು. ರಂಗದ ಹಲಗೆ ಕೊಯ್ದು ಗುಂಡಿ ಮಾಡಿದ್ದರು. ಹೊಸ ಬಣ್ಣದ ವಾಸನೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

“ಬೈಯದೆ ಇಳಿಯೋಕಾಗಲ್ಲ ಸ್ವಾಮಿ,” ಎಂದೆ. “ಕೆಳಗೆ ಗ್ಯಾಸ್ ಇರುತ್ತೆ. ಇಳಿದೋನು ಬೈತಾನೇ ಇರಬೇಕು. ಬೈಗುಳ ನಿಂತ್ರೆ ಉಸಿರು ನಿಲ್ತು ಅಂತ ಲೆಕ್ಕ. ಮೇಲಿರೋನು ತಕ್ಷಣ ಹಗ್ಗ ಎಳೀಬೇಕು.”

“ಹಾಡು ಹೇಳಬಹುದಲ್ವಾ?” ಎಂದ ನಟ.

“ಎದೆಮಟ್ಟ ಹೇಲಲ್ಲಿ ನಿಂತೋನಿಗೆ ಯಾವ ಹಾಡಪ್ಪಾ ಬರುತ್ತೆ?”

ಇಪ್ಪತ್ತು ವರ್ಷ ತಮ್ಮ ಇಳಿದ, ನಾನು ಹಗ್ಗ ಹಿಡಿದೆ. ಕೆಳಗಿನಿಂದ, ನಮ್ಮನ್ನು ಕೆಲಸಕ್ಕೆ ಇಳಿಸುವ ಮೇಸ್ತ್ರಿಯ ಅಪ್ಪ ಅಜ್ಜಂದಿರನ್ನೆಲ್ಲ ಜಾಲಾಡಿಬಿಡುತ್ತಿದ್ದ. ಮೇಲಿದ್ದ ನಮಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತಿತ್ತು. ಅದನ್ನೇ ಸಂಜೆ ಹೊತ್ತು ಬೀದಿ ಮೂಲೆಯ ಸಣ್ಣ ಹಾಲ್‌ನಲ್ಲಿ ಆಡಿ ತೋರಿಸತೊಡಗಿದ. ನಗಿಸುವವನೆಂದು ಹೆಸರಾದದ್ದೇ ತಡ, ಅಶ್ಲೀಲವೆಂದು ಕೇಸು ಬಿತ್ತು.

“ಈ ಮಾತೆಲ್ಲ ಎಲ್ಲಿ ಕಲಿತೆ?” ಜಡ್ಜ್ ಕೇಳಿದರು.

“ಮೇಸ್ತ್ರಿ ಸಾಹೇಬ್ರ ಹತ್ರ ಸ್ವಾಮಿ. ದಿನಾ ಹಾಜರಿ ಕೂಗುವಾಗ ನಮ್ಮನ್ನ ಕರೆಯೋದೇ ಹೀಗೆ.”

ಕೋರ್ಟಿಗೆ ಕೋರ್ಟೇ ನಕ್ಕಿತು. ಜಡ್ಜ್ ನಗಲಿಲ್ಲ. ಮೂರು ತಿಂಗಳು ಒಳಗೆ ಹಾಕಿದರು. ಬಿಡುವಾಗ ಮುಚ್ಚಳಿಕೆ ಬರೆಸಿಕೊಂಡರು: ಸಾರ್ವಜನಿಕ ಜಾಗದಲ್ಲಿ ಇನ್ನೊಂದು ಹೊಲಸು ಮಾತು ಆಡಿದರೆ ಎರಡು ವರ್ಷ.

ಮರುದಿನ ಮೇಸ್ತ್ರಿ ಪೊಲೀಸಿನವನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಲ್ಲು ಕಿರಿದ. “ಇಳಿಯೋ ಬೋಳಿಮಗನೇ. ಈಗ ಬೈಯಿ ನೋಡೋಣ.”

“ಬಾಯಿ ಮುಚ್ಕೊಂಡೇ ಇಳೀತೀನಿ ಕಣಣ್ಣ,” ಎಂದ ತಮ್ಮ. “ಮತ್ತೆ ಜೈಲಿಗೆ ಹೋದ್ರೆ ಹೆಂಡ್ತಿ ಒಬ್ಬಳೇ ಏನು ಮಾಡ್ತಾಳೆ?”

ಇಳಿದ. ಸದ್ದಿಲ್ಲ. ಬೈಯಬಾರದೆಂದು ಸುಮ್ಮನಿದ್ದಾನೆ ಎಂದುಕೊಂಡೆ. ಅಂದುಕೊಳ್ಳುತ್ತಲೇ ನಿಂತೆ, ನನ್ನ ಕೈ ಸೇದುಹೋಗ. ಎಳೆದಾಗ ಅವನಲ್ಲಿ ಜೀವವಿರಲಿಲ್ಲ.

ಈಗ ಅವನ ಮೇಲೆ ನಾಟಕ. ಮಾತಾಡುವ ಹಕ್ಕಿನ ಬಗ್ಗೆಯಂತೆ! ಕೋರ್ಟಿನ ದೃಶ್ಯದಲ್ಲಿ ಬೈಗುಳ ಬಂದಲ್ಲೆಲ್ಲ ಡೋಲು ಬಡಿಯುತ್ತಾರೆ. ಮೊದಲ ದೃಶ್ಯ ಅವನ ದಿನನಿತ್ಯದ ಕೆಲಸ. ಅಲ್ಲೂ ಬಾಯಿಲ್ಲ.

“ಮೌನವೇ ಜನರನ್ನ ತಟ್ಟೋದು,” ಎಂದ ನಿರ್ದೇಶಕ.

“ಅವನು ಮೌನವಾಗಿ ಇಳಿದಿದ್ದು ಒಂದೇ ಸಲ ಸ್ವಾಮಿ. ಒಂದೇ ಒಂದು ಬೈಗುಳ ಇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ನಾಟಕದಲ್ಲೂ ನೀನೇ ಹಗ್ಗ ಹಿಡಿ, ಸಾಕು. ದೀಪ ಆರೋ ತನಕ ಎಳೀಬೇಡ.”

ಸತ್ತವನ ಬಾಯಿಗೆ ಎರಡನೇ ಸಲ ಬಟ್ಟೆ ತುರುಕಿದಂತಾಯಿತು ನನಗೆ.

ಮೊದಲ ಪ್ರದರ್ಶನದ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ದೊಡ್ಡ ಮನುಷ್ಯರು, ಕಟ್ಟಕಡೆಯ ಸಾಲಿನಲ್ಲಿ ತಮ್ಮನ ಹೆಂಡತಿ. ನಟ ಹಗ್ಗ ಕಟ್ಟಿಕೊಂಡು ಇಳಿದ. ಸದ್ದಿಲ್ಲ. ಇದು ನಾಟಕ ಎಂದು ಗೊತ್ತು ನನಗೆ, ಕೆಳಗೆ ಹಾಸಿಗೆ ಹಾಸಿದ್ದಾರೆ ಎಂದೂ ಗೊತ್ತು. ಆದರೂ ಎದೆ ತಡೆಯಲಿಲ್ಲ. ಎಳೆದುಬಿಟ್ಟೆ. ಅವನು ಅರ್ಧದಲ್ಲಿ ನೇತಾಡಿದ.

“ಇನ್ನೂ ದೀಪ ಆರಿಲ್ಲ, ಬಿಡಿ,” ಎಂದು ಪಿಸುಗುಟ್ಟಿದ.

“ಬೈಯಿ.”

“ಏನಂದ್ರಿ?”

“ಬೈಯಪ್ಪಾ. ಬೈಯದೆ ಬಿಡಲ್ಲ.”

ಪರದೆಯ ಮರೆಯಿಂದ ನಿರ್ದೇಶಕ ಕೈ ಬೀಸಿ ಬೀಸಿ ಸೋತ. ನಾನು ಇನ್ನೊಂದು ಮೊಳ ಎಳೆದೆ. ನಟನ ಪಕ್ಕೆ ಹಲಗೆಗೆ ಉಜ್ಜಿತು.

“ಅಯ್ಯೋ, ಬಿಡೋ ಸೂಳೆಮಗನೇ! ಸಾಯ್ತೀನಿ ಕಣೋ, ಹಲ್ಕಾ ನನ್ಮಗನೇ!”

ಇಡೀ ಹಾಲ್‌ಗೆ ಕೇಳಿತು. ಮುಂದಿನ ಸಾಲಿನವರು ಧಡಕ್ಕನೆ ಎದ್ದರು. ಹಿಂದಿನಿಂದ ತಮ್ಮನ ಹೆಂಡತಿ ಗೋಳೋ ಎಂದು ಅತ್ತದ್ದು ಕೇಳಿಸಿತು.

“ಬೈಯಿ ನನ್ನಪ್ಪಾ, ಇನ್ನೂ ಬೈಯಿ,” ಎಂದು ಅಳುತ್ತಲೇ ನಾನು ಅವನನ್ನು ಮೇಲಕ್ಕೆಳೆದುಕೊಂಡೆ.