ಅಜ್ಜಿಗೆ ಬಾತುಕೋಳಿ ಸಿಕ್ಕಿದ ದಿನ

ನಮ್ಮನೆಯವರು ವಿಡಿಯೋ ಆಟಗಳಿಗೆ ಸದ್ದು ಮಾಡುತ್ತಿದ್ದರು. ಸದ್ದು ಮಾಡುವುದೂ ಒಂದು ಕೆಲಸವೇ ಅಂತ ಮದುವೆಯ ಹೊಸತರಲ್ಲಿ ನಮ್ಮಕ್ಕ ನಕ್ಕಿದ್ದಳು. ಅವಳ ಜೊತೆ ನಾನೂ ನಕ್ಕಿದ್ದೆ. ಅಂಗೈಯಗಲದ ಯಂತ್ರ, ಅದರ ಬೆನ್ನಿಗೆ ಬಿಸ್ಕತ್ತಿನಷ್ಟು ಕ್ಯಾಸೆಟ್ ಸಿಕ್ಕಿಸಿದರೆ ಆಟ ಶುರು. ಇವರ ಕಂಪನಿ ಮಾಡದ ಆಟವಿಲ್ಲ. ಮೀನು ಹಿಡಿಯುವುದು, ಬಸ್ಸು ಓಡಿಸುವುದು, ಹಲ್ಲು ಕೀಳುವುದು, ಕಳ್ಳನ ಹಿಂದೆ ಓಡುವುದು, ಕೊನೆಗೆ ಬಟ್ಟೆ ಇಸ್ತ್ರಿ ಮಾಡುವುದೂ ಒಂದು ಆಟ! ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟದ ಮನುಷ್ಯ ಅದರ ಬುಸ್ಸೆನ್ನುವ ಸದ್ದಿಗಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು.

"ಏನ್ರೀ, ಇವತ್ತು ಯಾವ ಪ್ರಾಣಿ?" ಅಂತ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದೆ.

"ಕಪ್ಪೆ ಕಣೇ. ನೀರಿಗೆ ಹಾರೋ ಕಪ್ಪೆ."

ಸಂಗೀತವನ್ನು ಮಾತ್ರ ಕಂಪನಿಯ ಯಜಮಾನರು ಹೊರಗಿನವರಿಂದ ಮಾಡಿಸುತ್ತಿದ್ದರು. ಇವರು ಅದಕ್ಕಾಗಿ ವರ್ಷಗಳಿಂದ ಬೆನ್ನು ಬಿದ್ದಿದ್ದರು. ಕಡೆಗೊಮ್ಮೆ ಒಂದೇ ಒಂದು ರಾಗ ಇವರ ಪಾಲಿಗೆ ಬಂತು. ಕಳೆದುಹೋದ ಬಾತುಕೋಳಿಯನ್ನು ಹುಡುಕುತ್ತ ಒಬ್ಬ ಅಜ್ಜಿ ಏಳು ಕೆರೆ ದಾಟುವ ಆಟ ಅದು. ಬಾತುಕೋಳಿ ಸಿಕ್ಕಾಗ ಬರುವ ರಾಗ ಇವರದು.

ಆ ತಿಂಗಳುಗಳಲ್ಲಿ ಇವರ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸ್ನಾನದ ಮನೆಯಲ್ಲಿ ಏನೋ ಗುನುಗುವುದು, ನಾನು ಹತ್ತಿರ ಹೋದರೆ ಗಪ್‌ಚಿಪ್.

"ನನ್ನ ಮುಂದೆ ಹಾಡಿದ್ರೆ ಏನು ಸವೆದು ಹೋಗುತ್ತಾ?" ಎಂದೆ.

"ಅಜ್ಜಿ ಜೊತೆ ಏಳು ಕೆರೆ ಸುತ್ತಿ ಸುಸ್ತಾದ ಮೇಲೆ ಕೇಳ್ಬೇಕು ಅದನ್ನ. ಹಾಗೇ ಸುಮ್ನೆ ಕೇಳಿದ್ರೆ ಏನೂ ಅನ್ಸಲ್ಲ."

ಅವತ್ತೇ ಕಿವಿ ಹಿಂಡಿ ಹಾಡಿಸಬೇಕಿತ್ತು. ರಾಗ ಮನೆಯೊಳಗೇ ಓಡಾಡಿಕೊಂಡಿದ್ದ ದಿನಗಳವು. ನಾನು ದೊಡ್ಡವಳ ಹಾಗೆ ಮೂಗು ಮುರಿದು ಅಡುಗೆಮನೆಗೆ ಹೋದೆ.

ಆಟ ಅಂಗಡಿಗೆ ಬರುವ ಮೊದಲೇ ಕಂಪನಿ ಇವರನ್ನು ಕೆಲಸದಿಂದ ತೆಗೆಯಿತು. ಕಂಪ್ಯೂಟರು ಅವರದು, ಅದರೊಳಗಿದ್ದ ರಾಗವೂ ಅವರದೇ. ಒಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದರೆ, "ಆಟದಲ್ಲಿ ಇದ್ದೇ ಇರುತ್ತಲ್ಲ" ಎಂದರು.

ಬಹಳ ದಿನಗಳ ಮೇಲೆ ಆಟ ಬಂತು. ಎಲ್ಲರ ಹಾಗೆ ಅಂಗಡಿಯಲ್ಲೇ ಕೊಂಡು ತಂದರು. ಆಟಗಳ ನಡುವೆಯೇ ಬದುಕಿದ ಈ ಮಹಾಶಯರಿಗೆ ಆಡಲು ಮಾತ್ರ ಬರುತ್ತಿರಲಿಲ್ಲ. ಎರಡನೇ ಕೆರೆಯಲ್ಲೇ ಅಜ್ಜಿಯನ್ನು ಎಷ್ಟು ಸಲ ಮುಳುಗಿಸಿದರೋ! ಬೆಳಗಿನ ತಿಂಡಿಯ ತಟ್ಟೆ ಸರಿಸಿ ಕೂತರೆ ತಲೆ ಎತ್ತುತ್ತಿರಲಿಲ್ಲ. ಮೊದಮೊದಲು ಬೈದೆ. ಆಮೇಲೆ ನನಗೇ ಗೊತ್ತಾಗದಂತೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ.

"ಎಡಗಡೆ ರೀ, ಎಡಗಡೆ! ಕಲ್ಲಿನ ಮೇಲೆ ಕಾಲಿಡಿ!"

"ನೀನು ಸ್ವಲ್ಪ ಬಾಯಿ ಮುಚ್ತೀಯಾ?"

ಕೆಲಸ ಹೋದ ಮೇಲೆ ನಾವಿಬ್ಬರೂ ಅಷ್ಟು ನಕ್ಕಿದ್ದು ಆ ದಿನಗಳಲ್ಲೇ.

ಒಂದು ಭಾನುವಾರ ಮಧ್ಯಾಹ್ನ ಅಜ್ಜಿ ಏಳನೇ ಕೆರೆಯ ದಡ ಹತ್ತಿದಳು. ನಾನು ಓಡಿಹೋಗಿ ಒಲೆ ಆರಿಸಿ ಬಂದೆ, ಫ್ಯಾನೂ ನಿಲ್ಲಿಸಿದೆ. ಪೊದೆಯೊಳಗಿಂದ ಬಾತುಕೋಳಿ ಹೊರಬಂತು. ಅಜ್ಜಿ ಅದನ್ನು ಎತ್ತಿಕೊಂಡಳು. ಇವರು ನನ್ನ ಕಡೆ ತಿರುಗಿ, ಕೇಳು ಎನ್ನುವಂತೆ ಬೆರಳೆತ್ತಿದರು.

ಏನೂ ಕೇಳಿಸಲಿಲ್ಲ. ಸದ್ದು ಹೆಚ್ಚಿಸಿದರು. ಯಂತ್ರವನ್ನು ಕಿವಿಗೆ ಹಚ್ಚಿ ನೋಡಿದರು. ಪರದೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಸುಮ್ಮನೆ ಮೇಲೇರುತ್ತಿದ್ದವು, ಅದರಲ್ಲಿ ಇವರದೂ ಇತ್ತು. ಆಮೇಲೆ ಆಟ ಮೊದಲಿನಿಂದ ಶುರುವಾಯಿತು.

ಕಂಪನಿಯಲ್ಲಿ ಜೊತೆಗಿದ್ದ ಹುಡುಗನಿಗೆ, ದಪ್ಪ ಕನ್ನಡಕಕ್ಕೆ ಇವರೆಲ್ಲ ಸೋಡಾಬುಡ್ಡಿ ಅನ್ನುತ್ತಿದ್ದವನಿಗೆ, ಫೋನು ಹಚ್ಚಿದರು. ಅವನ ದನಿ ನನಗೂ ಕೇಳುತ್ತಿತ್ತು.

"ಕ್ಯಾಸೆಟ್‌ನಲ್ಲಿ ಜಾಗ ಸಾಲ್ಲಿಲ್ಲ ಸಾರ್. ಏಳನೇ ಕೆರೆವರೆಗೂ ಯಾರು ಆಡ್ತಾರೆ ಅಂತ ಯಜಮಾನ್ರು ಕೊನೇ ರಾಗಾನ ತೆಗೆಸಿಬಿಟ್ರು. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ. ಆದ್ರೆ ನಿಮ್ಮ ಕಪ್ಪೆ ಇದೆ ಸಾರ್, ಎಲ್ಲಾ ಕೆರೇಲೂ ಇದೆ."

"ಒಳ್ಳೇದಾಯ್ತು ಬಿಡಪ್ಪ" ಎಂದು ಇವರು ಫೋನು ಇಟ್ಟರು. ನನಗೆ ಮೈಯೆಲ್ಲ ಉರಿಯಿತು. ಆ ಯಜಮಾನರನ್ನು ಬಾಯಿಗೆ ಬಂದಂತೆ ಬೈದೆ. ಇವರು ಮೇಜಿನ ಮೇಲಿನ ತಟ್ಟೆಯನ್ನೇ ನೋಡುತ್ತ ಕೂತಿದ್ದರು.

"ಹೋಗ್ಲಿ ಬಿಡಿ. ಈಗ ನೀವೇ ಹಾಡಿ. ನಾನೂ ಏಳು ಕೆರೆ ಸುತ್ತಿದ್ದೀನಲ್ಲ" ಎಂದೆ.

ಇವರು ಗಂಟಲು ಸರಿಮಾಡಿಕೊಂಡು ಮೆಲ್ಲಗೆ ಶುರುಮಾಡಿದರು. ಒಂದಿಷ್ಟು ದೂರ ಹೋಗಿ ನಿಂತರು. ಮತ್ತೆ ಮೊದಲಿನಿಂದ ಎತ್ತಿಕೊಂಡು, ಮತ್ತೆ ಅಲ್ಲಿಯೇ ನಿಂತರು. ಬೆರಳು ಮೇಜಿನ ಮೇಲೆ ತಾಳ ಹಾಕುತ್ತಲೇ ಇತ್ತು.

"ಮುಂದೆ ಇತ್ತು ಕಣೇ" ಎಂದರು. "ಚೆನ್ನಾಗಿತ್ತು."

"ಹೂಂ ರೀ, ತುಂಬಾ ಚೆನ್ನಾಗಿತ್ತು" ಎಂದೆ, ಕೇಳಿದವಳ ಹಾಗೆ.